ಇಂಜಿನ್ನಿನ ತಲೆ ಮಾರಿದ್ದು

ಒಂದಾನೊಂದು ಊರಿನಲ್ಲಿ ಒಬ್ಬ ದಪ್ಪ ಅರಸನಿದ್ದ, ಅವನಿಗೊಂದು ಪುಟ್ಟ ಹ್ಯಾಚ್‌ಬ್ಯಾಕ್ ಕಾರಿತ್ತು. ನಗಬೇಡಿ, ಕಾರಿಗೆ ಕೇಳಿಸುತ್ತೆ. ಕಾರು ಪುಟ್ಟದಾದರೂ ಅದರ ಇಂಜಿನ್ನಿಗೆ ಆನೆಯಷ್ಟು ಹಟ.

ಅರಸನಿಗೆ ಒಂದೇ ಚಿಂತೆ. ಕೈಯಲ್ಲಿರುವ ಕಾಫಿ ಆರುವುದರೊಳಗೆ ಕೋತಿಗುಡ್ಡ ಹತ್ತಬೇಕು. ದಿನಾ ಹತ್ತುತ್ತಿದ್ದ, ದಿನಾ ಕಾಫಿ ಆರುತ್ತಿತ್ತು.

"ಇದು ನಮ್ಮಪ್ಪನ ಕಾಲದ್ದು! ಇಂಜಿನ್ನಿನ ತಲೆಮಾರು ಬದಲಾಗಲಿ! ನಾಳೆಯೂ ಕಾಫಿ ಆರಿದರೆ ಇದು ಗುಜರಿಗೆ!" ಎಂದ.

ಮಂತ್ರಿ ಓಲೆ ಬರೆಯಲು ಕೂತ. "ತಲೆ" ಎಂದು ಬರೆದ, ಬಿಕ್ಕಳಿಕೆ ಬಂತು. ಬಿಕ್ಕಿದ ಮೇಲೆ, ಕೊಂಚ ಜಾಗ ಬಿಟ್ಟು, "ಮಾರು" ಎಂದು ಬರೆದ. ಮತ್ತೆ ಬಿಕ್ಕಿದ, "ಬದಲಾಗಲಿ" ಮರೆತೇಹೋಯಿತು.

ಮೆಕ್ಯಾನಿಕ್ ಬೋರಕ್ಕ ಓದಿದಳು: "ಇಂಜಿನ್ನಿನ ತಲೆ ಮಾರು." ಸ್ಪ್ಯಾನರ್ ಎತ್ತಿಕೊಂಡಳು.

"ಅಯ್ಯೋ ಬೋರಕ್ಕಾ, ತಲೆ ಇಲ್ದೆ ಗುಡ್ಡ ಹೆಂಗೆ ಹತ್ಲಿ?" ಎಂದು ಇಂಜಿನ್ನು ಅತ್ತಿತು.

"ಆಜ್ಞೆ ಅಂದ್ರೆ ಆಜ್ಞೆ ಕಣೋ."

ಬಿಚ್ಚಿದ ತಲೆಯಲ್ಲಿ ಹದಿನಾರು ಗುಳಿಗಳಿದ್ದವು. ಸಂತೆಯಲ್ಲಿ ಪಡ್ಡು ಮಾರುವ ಸಣ್ಣೀರಮ್ಮ ನೋಡಿದ್ದೇ ತಡ, "ಒಂದೇ ಸಲಕ್ಕೆ ಹದಿನಾರು ಪಡ್ಡು! ಕೊಡವ್ವಾ ಇತ್ಲಾಗೆ" ಎಂದು ಕಿತ್ತುಕೊಂಡು, ಬದಲಿಗೆ ತನ್ನ ಒಲೆಯ ಊದುಕೊಳವೆ ಕೊಟ್ಟಳು. ಬೋರಕ್ಕ ಅದನ್ನೇ ತಲೆಯಿದ್ದ ಜಾಗಕ್ಕೆ ಸಿಕ್ಕಿಸಿದಳು. ಅದಕ್ಕೆ ಟರ್ಬೊ ಎಂದು ಹೆಸರಿಟ್ಟವರು ಆಮೇಲೆ ಬಂದವರು.

"ಇದನ್ನ ಊದೋರು ಯಾರು?" ಎಂದಿತು ಇಂಜಿನ್ನು.

"ನೀನೇ. ಹಿಂದಕ್ಕೆ ಬಿಡೋ ಹೊಗೇನ ಮುಂದಕ್ಕೆ ತಿರುಗಿಸಿ ಊದ್ಕೋ."

ಇಂಜಿನ್ನು ಯೋಚಿಸಿತು. ತಲೆ ಇಲ್ಲದೆಯೇ ಯೋಚಿಸಿತು. "ತಲೆ ಹೋದ್ರೆ ತಲೆಬಿಸೀನೂ ಹೋಯ್ತು. ಹತ್ತೇ ಹತ್ತುತ್ತೀನಿ!"

ಬೆಳಗಾಯಿತು. ಅರಸ ಕಾಫಿ ಹಿಡಿದು ಪೆಡಲ್ ತುಳಿದ. ಕಾರು ಅಲ್ಲಾಡಲಿಲ್ಲ.

"ಹತ್ತೋ!"

"ತಡೀರಿ, ಉಸಿರು ತಗೋತಿದೀನಿ."

"ಹತ್ತೋ!"

"ತಡೀರಿ."

ಅರಸನ ಸಹನೆ ಮುಗಿಯಿತು. "ಗುಜರಿ" ಎನ್ನುವಾಗ ಗುಡ್ಡದ ಬುಡದಲ್ಲಿದ್ದ, "ಗೆ" ಎನ್ನುವಾಗ ತುದಿಯಲ್ಲಿದ್ದ. ಕಾಫಿ ಕುಡಿದ. ನಾಲಿಗೆ ಸುಟ್ಟಿತು. ಸಂತೋಷ ತಡೆಯಲಾರದೆ ಇಂಜಿನ್ನನ್ನು ತಬ್ಬಿಕೊಂಡು ಅತ್ತುಬಿಟ್ಟ.

"ಇನ್ನು ಅರಸರ ತಲೆಮಾರೂ ಬದಲಾಗಲಿ. ಮಗನಿಗೆ ಪಟ್ಟ ಕಟ್ಟಿ!" ಎಂದ.

ಮಂತ್ರಿ ಓಲೆ ಬರೆಯಲು ಕೂತ. ಬಿಕ್ಕಳಿಕೆ ಇನ್ನೂ ನಿಂತಿರಲಿಲ್ಲ.

ಸಂಜೆ ಬೋರಕ್ಕ ಸ್ಪ್ಯಾನರ್ ಹಿಡಿದು ಅರಮನೆಗೆ ಬಂದಳು. ಅರಸನ ಕತ್ತಿನ ಅಳತೆ ನೋಡಿದಳು.

"ಅಲುಗಾಡ್ಬೇಡಿ ಬುದ್ಧಿ. ಆಜ್ಞೆ ಅಂದ್ರೆ ಆಜ್ಞೆ. ಸಣ್ಣೀರಮ್ಮ ಆಗ್ಲೇ ಕೇಳವ್ಳೆ."

ಅರಸ ಎದ್ದು ಓಡಿದ. ಕಾರಿಲ್ಲ, ಇಂಜಿನ್ನಿಲ್ಲ, ಊದುಕೊಳವೆಯೂ ಇಲ್ಲ. ಕೋತಿಗುಡ್ಡದ ತುದಿ ಮುಟ್ಟಿದಾಗ ಅರಮನೆಯಲ್ಲಿ ಕಾಫಿಗಿಟ್ಟ ನೀರು ಇನ್ನೂ ಕುದಿದಿರಲಿಲ್ಲ.

ನೀತಿ ಬೇಕೇ? ಬಿಕ್ಕಳಿಕೆ ಬಂದರೆ ಮೊದಲು ನೀರು ಕುಡಿಯಿರಿ, ಆಮೇಲೆ ಬರೆಯಿರಿ. ಕತೆ ಗುಡ್ಡ ಹತ್ತಿತು, ಪಡ್ಡು ಬೆಂದಿತು. ಒಂದು ನಿಮಗೆ, ಹದಿನೈದು ನನಗೆ.