ಸೋವಿದವನ ಪಾಲು

"ಬುದ್ಧಿ, ಅಭಯದಾನಕ್ಕಿಂತ ದೊಡ್ಡ ದಾನ ಉಂಟೇ?" ಎಂದು ಶಿಷ್ಯ ಮರಿದೇವ ಕೇಳಿದ.

ಗುರುಗಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ. "ಬೆಳಿಗ್ಗೆ ಬೆಳಿಗ್ಗೆಯೇ ಈ ಪ್ರಶ್ನೆ ಎಲ್ಲಿಂದ ಬಂತು?" ಎಂದರು.

"ಮಠದ ಹಿತ್ತಲಿಗೆ ಜಿಂಕೆಗಳು ಬರುತ್ತವೆ, ಬುದ್ಧಿ. ಆರು ತಿಂಗಳಿಂದ ಅವಕ್ಕೆ ಹಿಂಡಿ ಇಡುತ್ತಿದ್ದೇನೆ. ಮೊದಲು ನನ್ನ ನೆರಳು ಕಂಡರೂ ಹಾರಿ ಓಡುತ್ತಿದ್ದವು. ಇವತ್ತು ಒಂದು ಜಿಂಕೆ ನನ್ನ ಅಂಗೈಯಿಂದಲೇ ತಿಂದಿತು. ಒಂದು ಜೀವದ ಭಯವನ್ನು ಪೂರ್ತಿ ತೆಗೆದುಹಾಕಿದೆ ಅನ್ನಿಸಿತು. ಉಳಿದವರು ನಗುತ್ತಾರೆ. ಅದಕ್ಕೇ ತಮ್ಮನ್ನು ಕೇಳಿದೆ."

ಗುರುಗಳು ದೀಕ್ಷೆಗೆ ಮೊದಲು ಮೂವತ್ತು ವರ್ಷ ಸಂತೆಯಿಂದ ಸಂತೆಗೆ ಎತ್ತು ಹೊಡೆದವರು. ಹೊಗಳಿಕೆಗಾಗಲಿ ಕಣ್ಣೀರಿಗಾಗಲಿ ಬೇಗ ಕರಗುವವರಲ್ಲ. ಮೊರವನ್ನು ಕೆಳಗಿಟ್ಟರು. "ಕೂತುಕೋ. ಒಬ್ಬ ಉಪ್ಪಿನ ವ್ಯಾಪಾರಿಯ ಸಂಗತಿ ಹೇಳುತ್ತೇನೆ," ಎಂದರು.

ಕಾಡು ಮುಗಿದು ಬಯಲು ಶುರುವಾಗುವಲ್ಲಿ ಒಂದು ಊರು. ಅಲ್ಲಿ ಒಬ್ಬ ವ್ಯಾಪಾರಿ ಇದ್ದ. ಕಡಲ ಕಡೆಯಿಂದ ಎತ್ತುಗಳ ಮೇಲೆ ಉಪ್ಪು ಹೇರಿಸಿ ತರಿಸುತ್ತಿದ್ದ. ಮನೆಯ ಮುಂದೆ ಅಂಗಡಿ, ಹಿಂದೆ ಹಿತ್ತಲು. ಹಿತ್ತಲ ಬೇಲಿಯ ಆಚೆ ಕಾಡು. ಕಾಡಿನೊಳಗೆ ಅರ್ಧ ಹರಿದಾರಿ ನಡೆದರೆ ಬೇಟೆಯವರ ಹಟ್ಟಿ. ಸುತ್ತಿನ ಊರುಗಳಿಗೂ ಆ ಹಟ್ಟಿಗೂ ಇವನೊಬ್ಬನದೇ ಉಪ್ಪು.

ವ್ಯಾಪಾರಿ ಕೆಟ್ಟವನಲ್ಲ. ತೂಕದಲ್ಲಿ ಮೋಸ ಮಾಡುತ್ತಿರಲಿಲ್ಲ. ತೂಕಕ್ಕಿಂತ ಒಂದು ಹರಳು ಹೆಚ್ಚಿಗೆ ಕೊಡುತ್ತಲೂ ಇರಲಿಲ್ಲ. ಮಾಂಸ ತಿನ್ನುವ ಮನೆ. ಬೇಟೆಯ ಮಾಂಸ ಸಿಕ್ಕಿದರೆ ಬಿಡುವವರಲ್ಲ.

ಖಾಲಿಯಾದ ಗೋಣಿಗಳನ್ನು ಹಿತ್ತಲಲ್ಲಿ ಕೊಡವುತ್ತಿದ್ದರು. ವರ್ಷಗಟ್ಟಲೆ ಕೊಡವಿ ಕೊಡವಿ ನೆಲವೇ ಉಪ್ಪಾಗಿತ್ತು. ಒಂದು ಬೆಳಿಗ್ಗೆ ವ್ಯಾಪಾರಿ ಹಿಂಬಾಗಿಲು ತೆರೆದಾಗ, ಬೇಲಿಯ ಸಂದಿನಲ್ಲಿ ತಲೆ ತೂರಿಸಿ ಒಂದು ಹೆಣ್ಣು ಜಿಂಕೆ ನೆಲ ನೆಕ್ಕುತ್ತಿತ್ತು. ಅದರ ಎಡಗಿವಿ ಸೀಳಿತ್ತು. ಅದು ಇವನನ್ನು ನೋಡಿತು. ಹಾರಿ ಹೋಯಿತು. ಅಷ್ಟೇ ನಡೆದದ್ದು. ಆದರೆ ಅವತ್ತು ಅವನು ಅಂಗಡಿಯಲ್ಲಿ ಎರಡು ಸಲ ತೂಕ ತಪ್ಪಿದ.

ಮರುದಿನ ಬೇಲಿಯ ಹತ್ತಿರ ಒಂದು ಹೆಂಟೆ ಉಪ್ಪು ಇಟ್ಟ. ಹುಟ್ಟಿದಾಗಿನಿಂದ ಅವನು ಪುಕ್ಕಟೆಯಾಗಿ ಕೊಟ್ಟ ಮೊದಲ ಉಪ್ಪು ಅದು.

ಹೊಸ ಗಿರಾಕಿಯನ್ನು ಹಿಡಿಯುವ ಬಗೆ ಅವನಿಗೆ ಗೊತ್ತಿತ್ತು. ಬಂದ ಕೂಡಲೇ ಮುಖ ನೋಡಬಾರದು. ಸರಕನ್ನು ಮುಟ್ಟಿ ನೋಡಲು ಬಿಡಬೇಕು. ದಿನವೂ ಅದೇ ಹೊತ್ತಿಗೆ ಅಂಗಡಿ ತೆರೆದಿರಬೇಕು. ಮನುಷ್ಯರಿಗೆ ನಡೆಯುವುದು ಜಿಂಕೆಗಳಿಗೂ ನಡೆಯಿತು. ಮೊದಲ ತಿಂಗಳು ಬಾಗಿಲ ಒಳಗೆ ನಿಂತ. ಎರಡನೆಯ ತಿಂಗಳು ಹೊಸಿಲ ಮೇಲೆ ಕೂತ. ಆಮೇಲೆ ದಿನಕ್ಕೊಂದು ಮೊಳದಷ್ಟು ಮುಂದಕ್ಕೆ ಸರಿದ. ದಿಢೀರನೆ ಹೊರಗೆ ಬಂದರೆ ಬೆದರುತ್ತವೆ ಎಂದು, ಬಾಗಿಲು ತೆರೆಯುವ ಮೊದಲು ಎರಡು ಸಲ ಮೆಲ್ಲಗೆ ಕೆಮ್ಮುತ್ತಿದ್ದ. ಕೆಮ್ಮಿದರೆ ಉಪ್ಪು ಬರುತ್ತದೆ ಎಂದು ಅವು ಕಲಿತವು. ಕೆಮ್ಮು ಕೇಳಿ ಓಡುತ್ತಿದ್ದವೇ ಕೆಮ್ಮು ಕೇಳಿ ಬರತೊಡಗಿದವು.

ನಾಯಿ ಬೊಗಳುತ್ತದೆ ಎಂದು ನಾಯಿಯನ್ನು ಮಾವನ ಊರಿಗೆ ಸಾಗಿಸಿದ. ಕಾಲಿಗೆ ಚುಚ್ಚುತ್ತದೆ ಎಂದು ಬೇಲಿಯ ಮುಳ್ಳು ಕೀಳಿಸಿದ. ಹಿತ್ತಲಲ್ಲಿ ಯಾರೂ ಜೋರಾಗಿ ಮಾತಾಡಬಾರದು ಎಂದು ಮನೆಯಲ್ಲಿ ಕಟ್ಟಳೆ ಮಾಡಿದ.

"ನನ್ನ ತಮ್ಮ ಬಂದಾಗ ನೀವು ಇಷ್ಟು ಮೆಲ್ಲಗೆ ಮಾತಾಡಿದ್ದು ನಾ ಕಾಣೆ," ಎಂದಳು ಹೆಂಡತಿ.

"ನಿನ್ನ ತಮ್ಮ ನೆಕ್ಕಿ ಸುಮ್ಮನೆ ಹೋಗೋನಲ್ಲ ಕಣೇ," ಎಂದ ವ್ಯಾಪಾರಿ.

ವರ್ಷ ತುಂಬುವುದರೊಳಗೆ ಹತ್ತು ಹನ್ನೆರಡು ಜಿಂಕೆಗಳು ಬರತೊಡಗಿದವು. ಸೀಳುಗಿವಿಯದೇ ಮುಂದೆ. ಉಳಿದವು ಅದರ ಹಿಂದೆ. ಅದು ಅವನ ಅಂಗೈ ನೆಕ್ಕುತ್ತಿತ್ತು. ಒಂದು ಸಲ ತನ್ನ ಮರಿಯನ್ನೂ ಕರೆತಂದು ಅವನ ಮುಂದೆ ನಿಲ್ಲಿಸಿತು. ಅವತ್ತು ವ್ಯಾಪಾರಿ ಅಂಗಡಿಯನ್ನೇ ತೆರೆಯಲಿಲ್ಲ.

ಆ ವರ್ಷದಿಂದಲೇ ಇನ್ನೊಂದು ಶುರುವಾಯಿತು. ತಿಂಗಳಿಗೆ ಒಂದೆರಡು ಸಲ ಅವನ ಮುಂಬಾಗಿಲ ಗೂಟದಲ್ಲಿ ಮುತ್ತುಗದ ಎಲೆಯ ಪೊಟ್ಟಣ ತೂಗುತ್ತಿತ್ತು. ಒಳಗೆ ಜಿಂಕೆಯ ತೊಡೆ. ಕಟ್ಟಿದವರು ಬೇಟೆಯವರು. ಬಾಗಿಲು ತಟ್ಟುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಕಟ್ಟಿ ಹೋಗುತ್ತಿದ್ದರು. ಉಪ್ಪು ಕೊಡುವವನಿಗೆ ಹಟ್ಟಿಯವರು ತೋರಿಸುವ ಮರ್ಯಾದೆ ಎಂದುಕೊಂಡ ವ್ಯಾಪಾರಿ. ದೊಡ್ಡ ಮನುಷ್ಯನ ಮನೆಗೆ ಹೀಗೆ ಏನಾದರೂ ಬರುತ್ತಲೇ ಇರುತ್ತದೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಇವನೂ ಕೇಳಲಿಲ್ಲ.

ಹೆಂಡತಿ ಮೆಣಸು ಕೊತ್ತಂಬರಿ ಅರೆದು ಸಾರು ಮಾಡುತ್ತಿದ್ದಳು. ಅವನು ಬೆರಳು ಚೀಪುತ್ತಾ, "ಉಪ್ಪು ಒಂಚೂರು ಕಮ್ಮಿ," ಎನ್ನುತ್ತಿದ್ದ.

"ಹಿತ್ತಲಲ್ಲಿ ಸೇರುಗಟ್ಟಲೆ ಸುರೀತೀರಿ. ಸಾರಿಗೆ ಮಾತ್ರ ಕಮ್ಮಿ ಬೀಳುತ್ತೆ," ಎನ್ನುತ್ತಿದ್ದಳು ಅವಳು.

ಮರಿದೇವ ತಡೆಯಲಾರದೆ ಕೇಳಿದ: "ಬುದ್ಧಿ, ಜಿಂಕೆಯನ್ನು ಅಷ್ಟು ಪ್ರೀತಿಸುವವನು ಜಿಂಕೆಯನ್ನೇ ತಿಂದನೇ?"

"ಕಾಡಿನ ಜಿಂಕೆ ಬೇರೆ, ಹಿತ್ತಲ ಜಿಂಕೆ ಬೇರೆ ಎಂದುಕೊಂಡಿದ್ದ. ತಿನ್ನುವ ಮನೆಯವನು, ತಿಂದ. ಮುಂದೆ ಕೇಳು," ಎಂದರು ಗುರುಗಳು.

ಅವನು ದಿನವೂ ಜಿಂಕೆಗಳನ್ನು ಎಣಿಸುತ್ತಿದ್ದ. ಒಂದು ದಿನ ಹನ್ನೊಂದು, ಇನ್ನೊಂದು ದಿನ ಒಂಬತ್ತು, ಮತ್ತೆ ಹನ್ನೆರಡು. ಹೊಸವು ಬಂದವು, ಹಳೆಯವು ಎಲ್ಲೋ ಹೋದವು ಎಂದುಕೊಂಡ. ಗಿರಾಕಿಗಳೆಲ್ಲ ದಿನವೂ ಬರುತ್ತಾರೆಯೇ? ಮುಖ ಗುರುತು ಹಿಡಿಯಲು ಬರುತ್ತಿದ್ದದ್ದು ಒಂದರದೇ. ಸೀಳುಗಿವಿಯದು.

ಅದು ಒಂದು ಬೆಳಿಗ್ಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಅದರ ಮರಿ ಒಂದೇ ಬಂದು ಬೇಲಿಯ ಹತ್ತಿರ ನಿಂತಿತು. ವ್ಯಾಪಾರಿ ಕೈಯಲ್ಲಿದ್ದ ಉಪ್ಪನ್ನು ಅಲ್ಲೇ ಚೆಲ್ಲಿ, ಅಂಗಡಿಗೆ ಬೀಗ ಹಾಕಿ, ನೇರವಾಗಿ ಬೇಟೆಯವರ ಹಟ್ಟಿಗೆ ನಡೆದ.

ಹಟ್ಟಿಯ ಯಜಮಾನ ಬಿಲ್ಲಿನ ಹೆದೆಗೆ ಮೇಣ ತಿಕ್ಕುತ್ತಾ ಕೂತಿದ್ದ. ಇವನನ್ನು ಕಂಡು ಎದ್ದು ನಿಂತ. "ಬನ್ನಿ ಸಾವ್ಕಾರ್ರೇ, ಬನ್ನಿ. ನಮ್ಮ ಹಟ್ಟಿಗೆ ನೀವು ಬಂದದ್ದು ಇದೇ ಮೊದಲು. ಚಾಪೆ ಹಾಕ್ರೋ!"

"ಕೂರೋಕೆ ಬಂದಿಲ್ಲ. ನನ್ನದೊಂದು ಜಿಂಕೆ ಕಾಣ್ತಿಲ್ಲ. ಎಡಗಿವಿ ಸೀಳಿರೋದು. ನಿಮ್ಮೋರು ಅದನ್ನ ಹೊಡೆದಿದ್ದರೆ ಈಗಲೇ ಹೇಳು. ಸುಳ್ಳು ಹೇಳಿದೆಯೋ, ಈ ಹಟ್ಟಿಗೆ ಇನ್ನು ಒಂದು ಹರಳು ಉಪ್ಪು ಸಿಗಲ್ಲ."

ಯಜಮಾನನ ಮುಖ ಸಪ್ಪಗಾಯಿತು. ಒಳಗಿದ್ದ ತನ್ನ ತಮ್ಮನನ್ನು ಕೂಗಿದ. "ಲೋ ಬೊಮ್ಮಾ! ಸಾವ್ಕಾರ್ರ ಪಾಲು ಮುಟ್ಟಿಸಿದೆಯೋ, ನೀನೇ ನುಂಗಿದೆಯೋ?"

ಬೊಮ್ಮ ಹೊರಗೆ ಬಂದ. "ಮುಟ್ಟಿಸ್ದೆ ಕಣಣ್ಣಾ. ಬಲದೊಡೆ, ಪೂರ್ತಿ. ಅವರ ಬಾಗಿಲ ಗೂಟಕ್ಕೆ ಕಟ್ಟಿ ಮೂರು ದಿನ ಆಯ್ತು. ಬೇಕಾದ್ರೆ ಅಮ್ಮಾವ್ರನ್ನ ಕೇಳ್ಲಿ."

ಯಜಮಾನ ಉಸಿರು ಬಿಟ್ಟು ವ್ಯಾಪಾರಿಯ ಕಡೆ ತಿರುಗಿದ. "ನೋಡಿ ಸಾವ್ಕಾರ್ರೇ, ನಮ್ಮ ಕಡೆಯಿಂದ ತಪ್ಪಾಗಿಲ್ಲ. ತೊಡೆ ಸಣ್ಣದಾಯ್ತಾ? ಹೇಳಿ, ಮುಂದಿನ ಸಲ ಸರಿಮಾಡೋಣ."

"ಪಾಲೇ? ಯಾವ ಪಾಲು?"

"ಸೋವಿದವನ ಪಾಲು."

ಸೋವುವುದೆಂದರೆ, ಮರಿದೇವ, ಕಾಡಿನೊಳಗೆ ಅವಿತ ಮೃಗವನ್ನು ಎಬ್ಬಿಸಿ ಬಿಲ್ಲಿನವನ ಮುಂದಕ್ಕೆ ತರುವ ಕೆಲಸ. ಬೇಟೆಯವರಲ್ಲಿ ಕೊಂದವನಿಗೆ ಒಂದು ಪಾಲು, ಸೋವಿದವನಿಗೆ ಒಂದು ಪಾಲು. ಅದನ್ನು ಅವನ ಬಾಗಿಲಿಗೆ ಕಟ್ಟಿ ಬರುತ್ತಾರೆ. ಕೈಗೆ ಕೊಟ್ಟರೆ ಭಿಕ್ಷೆಯಾಗುತ್ತದೆ, ಬಾಗಿಲಿಗೆ ಕಟ್ಟಿದರೆ ಹಕ್ಕು ಎಂದು ಅವರ ಲೆಕ್ಕ.

"ನಾನು ಯಾವತ್ತು ಸೋವಿದೆ?" ಎಂದ ವ್ಯಾಪಾರಿ.

ಸಾವ್ಕಾರ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಯಜಮಾನ ನಕ್ಕ. "ಚೆನ್ನಾಗಿ ಕೇಳಿದ್ರಿ! ಮೊದಲು ಒಂದು ಜಿಂಕೆಗೆ ಇಪ್ಪತ್ತು ಆಳು ಸೋವಬೇಕಾಗಿತ್ತು. ತಮಟೆ, ನಾಯಿ, ಬೊಬ್ಬೆ. ಆದರೂ ಹತ್ತು ಸಲ ಹೋದರೆ ಒಂದು ಸಲ ಸಿಗೋದು. ಈಗ ನೋಡಿ, ಬೊಮ್ಮ ಒಬ್ಬನೇ ಹೋಗ್ತಾನೆ. ಮರದ ಬುಡದಲ್ಲಿ ಕೂತು ನಿಮ್ಮ ಹಾಗೆ ಕೆಮ್ಮುತ್ತಾನೆ. ಅವೇ ನಡಕೊಂಡು ಬರ್ತವೆ. ಕೆಮ್ಮೋ ಬೊಮ್ಮಾ, ಸಾವ್ಕಾರ್ರು ಕೇಳ್ಲಿ."

ಬೊಮ್ಮ ಎರಡು ಸಲ ಮೆಲ್ಲಗೆ ಕೆಮ್ಮಿದ.

ಅದು ವ್ಯಾಪಾರಿಯದೇ ಕೆಮ್ಮು. ಮೊದಲನೆಯದು ಗಿಡ್ಡ, ಎರಡನೆಯದು ಸ್ವಲ್ಪ ಎಳೆದದ್ದು.

"ಅದನ್ನ ಕಲಿಯೋಕೆ ಒಂದು ತಿಂಗಳು ನಿಮ್ಮ ಬೇಲಿ ಹಿಂದೆ ಕೂತಿದ್ದೆ," ಎಂದ ಬೊಮ್ಮ, ಹೊಗಳಿಕೆಗೆ ಕಾಯುವವನಂತೆ.

"ಆ ಸೀಳುಗಿವಿಯದು?" ಎಂದ ವ್ಯಾಪಾರಿ.

"ಅದೇ ಮೊದಲು ಬಂತು. ನಾನು ಬಾಣ ಹೂಡ್ತಾ ಇದ್ರೂ ನನ್ನ ಅಂಗೈ ಕಡೆಗೇ ನೋಡ್ತಿತ್ತು, ಏನಾದರೂ ಇದೆಯೇನೋ ಅಂತ."

ಯಜಮಾನ ಮಾತು ಮುಂದುವರಿಸಿದ. "ಅದಕ್ಕೇ ಮಾಂಸ ಅಷ್ಟು ಮೆತ್ತಗೆ, ಸಾವ್ಕಾರ್ರೇ. ಹೆದರಿ ಓಡಿ ಸತ್ತದ್ದು ನಾರು ನಾರಾಗುತ್ತೆ. ಇದು ನಿಂತಲ್ಲೇ ಬಿತ್ತು. ನೀವೇ ಅಂಗಡೀಲಿ ನಮ್ಮೋರ ಹತ್ರ ಹೇಳಿದ್ರಂತಲ್ಲ, ಇಂಥ ಮೆತ್ತನೆ ಮಾಂಸ ಜನ್ಮದಲ್ಲೇ ತಿಂದಿಲ್ಲ ಅಂತ. ಹಟ್ಟಿಗೆಲ್ಲ ಖುಷಿ ಆಯ್ತು."

ಹೇಳಿದ್ದ. ಅದು ಅವನಿಗೆ ನೆನಪಾಯಿತು. ಹೇಳಿದಾಗ ಬಾಯಲ್ಲಿದ್ದ ರುಚಿಯೂ ನೆನಪಾಯಿತು.

ವ್ಯಾಪಾರಿ ತನಗೆಂದು ಹಾಸಿದ್ದ ಚಾಪೆಯನ್ನು ಬಿಟ್ಟು ಮಣ್ಣಿನ ಮೇಲೆ ಕೂತುಬಿಟ್ಟ. "ನಾನು ಪ್ರೀತಿಗೆ ಇಟ್ಟದ್ದು ಕಣೋ. ಪ್ರೀತಿಗೆ ಇಟ್ಟದ್ದು," ಎಂದ.

ಯಜಮಾನನಿಗೆ ಇವನ ಸಂಕಟ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ಪ್ರಯತ್ನಪಟ್ಟ. "ಇರಬಹುದು ಸಾವ್ಕಾರ್ರೇ. ನೀವು ಪ್ರೀತಿಗೆ ಇಟ್ರೋ ಬೇಟೆಗೆ ಇಟ್ರೋ, ಜಿಂಕೆಗೆ ಹೇಗೆ ಗೊತ್ತಾಗಬೇಕು? ನಮಗೇ ಗೊತ್ತಾಗಲಿಲ್ಲ. ಮನುಷ್ಯನ್ನ ಕಂಡರೆ ಓಡೋದು ಅದರ ಕೆಲಸ. ಓಡೋದನ್ನ ಹಿಡಿಯೋದು ನಮ್ಮ ಕೆಲಸ. ನೀವು ಅದರ ಕೆಲಸ ಬಿಡಿಸಿದ್ರಿ. ಸೋವೋದು ಅಂದ್ರೆ ಇನ್ನೇನು?"

"ಇನ್ನು ಮೇಲೆ ನನ್ನ ಬಾಗಿಲಿಗೆ ಅದನ್ನ ಕಟ್ಟಬೇಡಿ."

"ಅದಾಗಲ್ಲ." ಯಜಮಾನ ಕೈಮುಗಿದ. "ಅದೊಂದನ್ನ ಕೇಳಬೇಡಿ. ಸೋವಿದವನಿಗೆ ಕೊಡದೆ ತಿಂದರೆ ನಮಗೆ ಮುಂದಿನ ಬೇಟೆ ದಕ್ಕಲ್ಲ. ನೀವು ತಿನ್ನಿ, ಬಿಡಿ, ಹೂತುಹಾಕಿ. ನಾವು ಕಟ್ಟೋದು ಕಟ್ಟಲೇಬೇಕು."

ವ್ಯಾಪಾರಿ ಎದ್ದು ಮನೆಗೆ ಬಂದ. ಒಲೆಯ ಮೇಲೆ ಎಳೆದು ಕಟ್ಟಿದ ದಾರದಲ್ಲಿ ಉಳಿದ ಮಾಂಸದ ತುಂಡುಗಳು ಒಣಗುತ್ತಿದ್ದವು. ಕೆಡದಿರಲೆಂದು ಹೆಂಡತಿ ಚೆನ್ನಾಗಿ ಉಪ್ಪು ಸವರಿದ್ದಳು.

"ಯಾಕೆ, ಮುಖ ಹೀಗಿದೆ?" ಎಂದಳು ಅವಳು. "ಬನ್ನಿ, ಊಟಕ್ಕೆ ಕೂತ್ಕೊಳ್ಳಿ. ಇವತ್ತು ಉಪ್ಪು ಸರಿಯಾಗಿ ಹಾಕಿದೀನಿ."

ಗುರುಗಳು ಅಷ್ಟು ಹೇಳಿ ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡರು. ಮರಿದೇವ ತನ್ನ ಅಂಗೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ. ಒರೆಸಿಕೊಳ್ಳುತ್ತಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ.

"ಅವನು ಉಪ್ಪು ಇಡುವುದನ್ನು ಬಿಟ್ಟನೇ, ಬುದ್ಧಿ?"

"ಮರುದಿನದಿಂದಲೇ ಬಿಟ್ಟ. ಬೇಲಿಗೆ ಮುಳ್ಳನ್ನೂ ಕಟ್ಟಿಸಿದ."

"ಸದ್ಯ!" ಎಂದ ಮರಿದೇವ. "ಹಾಗಾದರೆ ಉಳಿದ ಜಿಂಕೆಗಳಾದರೂ ಕಾಡಿಗೆ ಓಡಿ ಬದುಕಿಕೊಂಡವಲ್ಲ?"

ಗುರುಗಳು ಜೋಳದಲ್ಲಿದ್ದ ಕಸವನ್ನು ಊದಿದರು.

"ಓಡಲೆಂದು ಅವನು ಕಲ್ಲು ಎಸೆದ, ಅವು ಹತ್ತಿರ ಬಂದು ಕಲ್ಲನ್ನು ನೆಕ್ಕಿದವು."