ಓಬಳ ಯೂನಿಫಾರಂ ತಂದದ್ದು

ಹೂಂಗುಟ್ಟೋರು ಹತ್ತಿರ ಬನ್ನಿ, ಅರ್ಧ ಕೇಳಿ ಎದ್ದು ಹೋಗೋರು ಈಗಲೇ ಹೋಗಿ. ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದವನ ಕತೆ ಇದು. ಅವನಿಂದ ಅವನವ್ವನ ಗತಿ ಏನಾಯ್ತು ಅಂತ ಕೇಳಿ, ಆಮೇಲೆ ಬೇಕಾದ್ರೆ ಮಲಗಿ.

ಪಾಲವ್ವ ಅಂತ ಒಬ್ಬಳಿದ್ದಳು, ಅವಳಿಗೆ ಓಬಳ ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಕಳ್ಳನಲ್ಲ, ಸೋಮಾರಿಯಲ್ಲ, ಅವ್ವ ಹಾಕಿದ ಗೆರೆ ದಾಟಿದವನಲ್ಲ. ಹಾಲು ಉಕ್ಕೋದನ್ನ ನೋಡ್ತಾ ಇರು ಅಂದ್ರೆ ಉಕ್ಕಿ, ಸುರಿದು, ಒಲೆ ಆರೋ ತನಕ ನೋಡ್ತಾನೇ ಇರೋನು. ಬೈದರೆ, "ನೀನೇ ನೋಡು ಅಂದೆಯಲ್ಲವ್ವ" ಅನ್ನೋನು. ಅಂಥವನಿಗೆ ಬೈಯೋದಾದರೂ ಹೇಗೆ, ಬೈದು ಬೈದು ಪಾಲವ್ವನ ಗಂಟಲೇ ಸವೆದಿತ್ತು.

ಪಾಲವ್ವನಿಗೆ ತಿಪ್ಪಮ್ಮ ಅಂತ ಮಗಳೂ ಇದ್ದಳು. ಅವಳು ದೂರದ ಪಟ್ಟಣದಲ್ಲಿ ಗಾರ್ಮೆಂಟ್ಸಿಗೆ ಹೋಗ್ತಿದ್ದಳು. ಅವಳ ಮಗು ಸಿಂಚನ ಅಜ್ಜಿ ಹತ್ತಿರ ಬೆಳೀತಿತ್ತು. ಈ ವರ್ಷ ಆ ಮಗೀನ ಅದೃಷ್ಟ ನೋಡಿ, ಊರಾಚೆ ದೊಡ್ಡ ಸ್ಕೂಲಿನಲ್ಲಿ ಬಡವರ ಮಕ್ಕಳಿಗೆ ಅಂತ ಇಟ್ಟಿದ್ದ ಸೀಟಿಗೆ ಚೀಟಿ ಎತ್ತಿದರು, ಸಿಂಚನನ ಹೆಸರು ಬಂತು. ಪಾಲವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು. ಆದ್ರೆ ಸ್ಕೂಲಿನವರು ಒಂದು ಮಾತು ಕಡ್ಡಿ ಮುರಿದ ಹಾಗೆ ಹೇಳಿದ್ರು. ಸೋಮವಾರ ಬೆಲ್ ಹೊಡೆಯೋದರೊಳಗೆ ಮಗು ಯೂನಿಫಾರಂ, ಬೂಟು, ಪುಸ್ತಕ ಸಮೇತ ಒಳಗಿರಬೇಕು. ಇಲ್ಲದಿದ್ದರೆ ಸೀಟು ಸಿಗದೆ ಗೇಟಿನ ಹತ್ತಿರ ಕಾಯ್ತಿರೋ ಮಕ್ಕಳಲ್ಲಿ ಒಬ್ಬರಿಗೆ ಆ ಸೀಟು.

ಪಾಲವ್ವ ತಾನೇ ಪೇಟೆಗೆ ಹೋಗಿ ಎಲ್ಲಾ ತರ್ತೀನಿ ಅಂತ ಹೊರಟವಳು, ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಕಟ್ಟು ಹಾಕಿಸಿಕೊಂಡು ಮಂಚ ಹಿಡಿದಳು. ಇನ್ನು ಕಳಿಸೋದು ಯಾರನ್ನ? ಮನೇಲಿ ಇದ್ದದ್ದು ಒಬ್ಬನೇ. 

"ಓಬಳ, ಇಲ್ಲಿ ಬಾ. ಮೊದಲು ಬೂಟು ತಾ. ಕಪ್ಪು ಬೂಟು. ಪೇಟೆಯವರು ಮಾತಲ್ಲೇ ಟೋಪಿ ಹಾಕ್ತಾರೆ. ಹಾಕಿ ನೋಡದೆ ತರಬೇಡ, ಕಾಲಿಗೆ ಸರಿಯಾಗಿ ಕೂರಬೇಕು. ತಿಳೀತಾ?"

"ತಿಳೀತವ್ವ. ಹಾಕಿ ನೋಡದೆ ತರಲ್ಲ."

ಹೋದ. ಮಧ್ಯಾಹ್ನ ಕಳೀತು, ಬರಲಿಲ್ಲ. ಹೊತ್ತು ಇಳಿಯೋ ಹೊತ್ತಿಗೆ ಅಂಗಳದಲ್ಲಿ ಟಕ್ ಟಕ್ ಅಂತ ಸದ್ದು. ನೋಡಿದ್ರೆ ಓಬಳ, ಪೊಲೀಸಿನವರ ಹಾಗೆ ಎದೆ ಸೆಟೆಸಿಕೊಂಡು ಬರ್ತಿದ್ದಾನೆ, ಕಾಲಲ್ಲಿ ದೋಣಿಯಂಥ ಎರಡು ಕಪ್ಪು ಬೂಟು.

"ಇದೇನೋ ಇದು?"

"ಅಂಗಡೀಲಿದ್ದ ಬೂಟೆಲ್ಲ ಹಾಕಿ ನೋಡ್ದೆ ಕಣವ್ವ. ಒಂದೂ ಕೂರಲಿಲ್ಲ. ಇದು ನೋಡು, ಹೇಳಿ ಮಾಡಿಸಿದ ಹಾಗಿದೆ."

"ಅಯ್ಯೋ ಮುಂಡೇದೇ, ಸ್ಕೂಲಿಗೆ ಹೋಗೋದು ನೀನೇನೋ? ನಿನ್ನ ಕಾಲಲ್ಲ, ಮಗೀನ ಕಾಲು. ನಾಳೆ ಹೋಗಿ ಇದನ್ನ ಬದಲಾಯಿಸ್ಕೊಂಡು ಬಾ. ಇನ್ನು ಮೇಲೆ ಏನು ತಂದರೂ ಮೊದಲು ದಾರ ಹಿಡಿದು ಮಗೀನ ಅಳೆ, ಆ ಅಳತೆಗೆ ತಾ. ಬೂಟಿನ ಜೊತೆಗೇ ನೋಟ್ ಬುಕ್ಕೂ ತಂದುಬಿಡು."

"ಆಯ್ತವ್ವ. ಏನು ತಂದರೂ ಮಗೀನ ಅಳತೆಗೆ."

ಬೆಳಿಗ್ಗೆ ಎದ್ದು ಸಿಂಚನನ ಪಾದ ಅಳೆದ. ಆಮೇಲೆ ಗೋಡೆಗೆ ನಿಲ್ಲಿಸಿ ನೆತ್ತಿಯಿಂದ ಹಿಮ್ಮಡಿವರೆಗೂ ಅಳೆದ. ಇದ್ಯಾಕೋ ಅಂತ ಪಾಲವ್ವ ಕೇಳೋದರೊಳಗೆ ಬಾಗಿಲು ದಾಟಿದ್ದ. ಬೂಟೇನೋ ಪಾದದ ದಾರಕ್ಕೆ ಸರಿಯಾಗಿ ಬದಲಾಯಿಸ್ಕೊಂಡ. ಅಷ್ಟಕ್ಕೇ ಮನೆಗೆ ಬಂದಿದ್ರೆ ಈ ಕತೆ ಯಾಕೆ ಹೇಳ್ತಿದ್ದೆ? ಬುಕ್ಕಿನ ಅಂಗಡೀಲಿ ಆ ದಿನ ಇರುವೆ ನುಸುಳೋಕೂ ಜಾಗ ಇರಲಿಲ್ಲ. ಎಷ್ಟು ಬುಕ್ಕು ಬೇಕಪ್ಪ ಅಂತ ಅಂಗಡಿಯವನು ಕೇಳಿದ. ಇವನು ದಾರ ಇಳಿಬಿಟ್ಟ. ಇಷ್ಟು ಅಂದ.

ಸಂಜೆ ಕೈಗಾಡಿ ಬಂದು ಬಾಗಿಲಲ್ಲಿ ನಿಂತಿತು. ಓಬಳ ನೋಟ್ ಬುಕ್ಕು ಇಳಿಸಿ ಒಂದರ ಮೇಲೊಂದು ಪೇರಿಸಿದ, ಪಕ್ಕದಲ್ಲಿ ಸಿಂಚನನ್ನ ನಿಲ್ಲಿಸಿದ.

"ನೋಡವ್ವ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ."

ಪಾಲವ್ವ ಹಣೆ ಹಣೆ ಚಚ್ಚಿಕೊಂಡಳು. ಒಂದನೇ ಕ್ಲಾಸಿನ ಮಗೀಗೆ ವಕೀಲರ ಮನೇಲೂ ಇಲ್ಲದಷ್ಟು ಕಾಗದ. "ಬುಕ್ಕಿಗೆ ಯಾವ ಅಳತೆಯೋ? ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದು ವಾಪಸ್ ಕೊಟ್ಟು ಬಾ, ಕೈಕಾಲು ಹಿಡಿದಾದರೂ ಕೊಟ್ಟು ಬಾ. ಆಮೇಲೆ ಖಾಕಿ ಪೇಪರ್ ತಂದು, ಗಮ್ ಹಚ್ಚಿ ಬೈಂಡ್ ಹಾಕು, ಮೇಲೆ ಲೇಬಲ್ ಅಂಟಿಸು, ಹೆಸರು ಬರೆಸು. ಸ್ಕೂಲಿಗೆ ಹೋಗೋ ಸಾಮಾನು ಅಂದ್ರೆ ಹಾಗಿರಬೇಕು. ನಾಳೆ ಹಾಗೇ ಯೂನಿಫಾರಮ್ಮೂ ತಾ. ಆ ಸ್ಕೂಲಿನ ಯೂನಿಫಾರಂ ಸಿಗೋದು ರುದ್ರಶೆಟ್ಟರ ಅಂಗಡಿ ಒಂದರಲ್ಲೇ, ತಡ ಮಾಡಿದ್ರೆ ಸೈಜೇ ಇರಲ್ಲ."

"ಆಯ್ತವ್ವ. ಸ್ಕೂಲಿಗೆ ಹೋಗೋ ಸಾಮಾನಿಗೆಲ್ಲ ಬೈಂಡು."

ಇದನ್ನ ಅವನು ಹೇಳಿದಾಗ ಪಾಲವ್ವ ಕಿವಿಗೊಟ್ಟು ಕೇಳಬೇಕಿತ್ತು. ಕಾಲುನೋವಲ್ಲಿ ಅವಳಿಗೆ ಅದೆಲ್ಲಿ ಆಗುತ್ತೆ, ಪಾಪ.

ಶನಿವಾರ ಮಧ್ಯಾಹ್ನ ಓಬಳ ಬೆವರಿಳಿಸ್ತಾ ಬಂದು ಅವ್ವನ ಮಡಿಲಲ್ಲಿ ಎರಡು ಖಾಕಿ ಹಲಗೆಯಂಥವನ್ನ ಇಟ್ಟ. ತಟ್ಟಿದ್ರೆ ಡಬ್ ಡಬ್ ಅಂದವು. ಮೇಲೆ ಲೇಬಲ್, ಹೆಸರು, ಕ್ಲಾಸು.

"ಯೂನಿಫಾರಂ ಎಲ್ಲೋ?"

"ಒಳಗಿದೆಯಲ್ಲವ್ವ. ಅಂಗಿಗೆ ಒಂದು ಬೈಂಡು, ಲಂಗಕ್ಕೆ ಒಂದು ಬೈಂಡು. ಗಮ್ ಒಂದು ಬಾಟಲು ಪೂರ್ತಿ ಹಿಡೀತು."

ಪಾಲವ್ವ ನಿಧಾನಕ್ಕೆ ಕಾಗದ ಕೀಳೋಕೆ ಕೂತಳು. ಕಿತ್ತ ಕಡೆಯೆಲ್ಲ ಬಟ್ಟೆ ಗಮ್ಮಿಗೆ ಹತ್ತಿ ಹಪ್ಪಳ ಆಗಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಅಲ್ಲಿ ತನ್ನ ಮಗಳು ಕತ್ತು ಬಗ್ಗಿಸಿ ಊರವರ ಅಂಗಿಗೆಲ್ಲ ಕಾಲರ್ ಹೊಲೀತಾಳೆ, ಇಲ್ಲಿ ಅವಳ ಮಗಳಿಗೆ ಒಂದು ಅಂಗಿ ನೆಟ್ಟಗೆ ದಕ್ಕಲಿಲ್ಲವಲ್ಲ ಅಂದುಕೊಂಡಳು. ಇನ್ನೊಂದು ತಗೊಳ್ಳೋಣ ಅಂದ್ರೆ ಗಂಟೂ ಇಲ್ಲ, ಅಂಗಡೀಲಿ ಸೈಜೂ ಇಲ್ಲ. ಪೂರ್ತಿ ಕಿತ್ತು ಬಿಡಿಸಿ ಎತ್ತಿ ಹಿಡಿದಾಗ ಇನ್ನೊಂದು ಕಂಡಿತು. ಅಂಗಿ ಸಿಂಚನನ ಮೊಣಕಾಲು ದಾಟ್ತಿತ್ತು.

"ಸಣ್ಣದೆಲ್ಲ ಮುಗಿದುಹೋಗಿತ್ತು" ಅಂದ ಓಬಳ. "ಬೆಳೆಯೋ ಮಗು, ಇರಲಿ ತಗೊ ಅಂದ್ರು ಶೆಟ್ಟರು."

"ಹೋಗಲಿ, ನೀರಿಗೆ ಬಿದ್ದರೆ ಗಮ್ಮೂ ಬಿಡುತ್ತೆ, ಬಟ್ಟೆ ಸ್ವಲ್ಪ ಕುಗ್ಗಿದರೂ ಕುಗ್ಗೀತು. ಕೇಳಿಲ್ಲಿ. ಹೊಸದು ಏನೇ ತಂದರೂ ಮೊದಲು ಬಕೆಟ್ಟಿನಲ್ಲಿ ನೆನೆ ಹಾಕಬೇಕು, ಚೆನ್ನಾಗಿ ಹಿಂಡಬೇಕು, ತಂತಿ ಮೇಲೆ ಹರವಬೇಕು. ಹೋಗು, ಹಾಕು."

"ಆಯ್ತವ್ವ. ಹೊಸದು ಏನೇ ತಂದರೂ."

ಭಾನುವಾರ ಬೆಳಿಗ್ಗೆ ಪಾಲವ್ವ ಮಂಚದಿಂದಲೇ ಹಿತ್ತಲ ಕಡೆ ಕತ್ತು ಚಾಚಿದಳು. ತಂತಿ ಮೇಲೆ ಅಂಗಿ ಇತ್ತು, ಲಂಗ ಇತ್ತು. ಅದರ ಪಕ್ಕದಲ್ಲಿ ನೋಟ್ ಬುಕ್ಕುಗಳು, ಒಂದೊಂದಕ್ಕೂ ಒಂದೊಂದು ಕ್ಲಿಪ್ಪು. ನೆನೆದು ಉಬ್ಬಿ, ಗೆರೆಯೆಲ್ಲ ನೀಲಿ ನೀರಾಗಿ ತೊಟ್ಟಿಕ್ತಿತ್ತು. ಬೂಟು ತಲೆಕೆಳಗಾಗಿ ತೂಗ್ತಿತ್ತು.

"ಹಿಂಡಿದೆಯಾ?" ಅಂದಳು.

"ಬೂಟು ಹಿಂಡೋಕೆ ಬರಲಿಲ್ಲ ಕಣವ್ವ. ಬುಕ್ಕು ಚೆನ್ನಾಗಿ ಹಿಂಡಿದ್ದೀನಿ."

ಆವತ್ತು ಪಾಲವ್ವ ಬೈದಳು ನೋಡಿ. ಸತ್ತ ಗಂಡನನ್ನೂ ಸೇರಿಸಿ ಬೈದಳು. ಬೈದು ಸುಸ್ತಾದ ಮೇಲೆ, ಬೀದಿಯ ಮಕ್ಕಳನ್ನ ಮಂಚದ ಹತ್ತಿರ ಕರೆಸಿ ಕಡ ಕೇಳಿ ಒಂದಿಷ್ಟು ಬುಕ್ಕು ಹೊಂದಿಸಿದಳು. ಬೂಟನ್ನ ಒಲೆ ಪಕ್ಕದಲ್ಲಿ ಇಡಿಸಿ ಒಣಗಿಸಿದಳು. ಯೂನಿಫಾರಂ ಒಂದು ಬೆರಳೂ ಕುಗ್ಗಿರಲಿಲ್ಲ. ಅದಕ್ಕೆ ಸೊಂಟದ ಹತ್ತಿರ ಪಿನ್ನು ಚುಚ್ಚಿ, ತೋಳು ಮಡಿಸಿ, ಸೋಮವಾರ ಮಗೀಗೆ ತೊಡಿಸಿದಳು. ಸಿಂಚನ ಅಜ್ಜಿ ಸೆರಗು ಬಿಡಲೊಲ್ಲದು. ನಾನು ಹೋಗಲ್ಲ, ನಿನ್ನ ಹತ್ತಿರವೇ ಇರ್ತೀನಿ ಅಂತ ಒಂದೇ ಹಟ.

ಪಾಲವ್ವ ಮಗನ ಎರಡೂ ಕೈ ಹಿಡಿದುಕೊಂಡಳು.

"ಓಬಳ, ನಿನ್ನ ಕಾಲು ಹಿಡೀತೀನಿ. ಇವತ್ತು ಒಂದು ದಿನ ನಿನ್ನ ಬುದ್ಧಿ ಓಡಿಸಬೇಡ, ನಾನು ಹಿಂದೆ ಹೇಳಿದ್ದೂ ಬೇಡ. ಅಲ್ಲಿ ತಿಳಿದೋರು ಇರ್ತಾರೆ, ಅವರು ಹೇಳಿದ ಹಾಗೆ ಮಾಡು. ಮೇಷ್ಟ್ರಾಗಲಿ, ಶೆಟ್ಟರಾಗಲಿ, ಎದುರು ಮಾತಾಡಬೇಡ. ಬೆಲ್ ಹೊಡೆಯೋದರೊಳಗೆ ಮಗು ಒಳಗಿರಬೇಕು. ಅಷ್ಟೇ."

"ಅಷ್ಟೇ ತಾನೆ? ಆಯ್ತವ್ವ."

ಮಗೀನ ಹೆಗಲ ಮೇಲೆ ಕೂರಿಸಿಕೊಂಡು ಹೋದ. ಪಾಲವ್ವ ಮಂಚದಲ್ಲೇ ಕಿವಿಗೊಟ್ಟು ಕೂತಳು. ಊರಾಚೆಯಿಂದ ಬೆಲ್ಲಿನ ಸದ್ದು ತೇಲಿ ಬಂತು. ಒಳಗಿದೆಯೋ, ಹೊರಗಿದೆಯೋ? ಮನೆದೇವರಿಗೆ ಹರಕೆ ಹೊತ್ತಳು, ಸಾಲದು ಅಂತ ಪಕ್ಕದ ಮನೆಯವರ ದೇವರಿಗೂ ಹೊತ್ತಳು. ಎಷ್ಟೋ ಹೊತ್ತಿಗೆ ಓಬಳ ಬಂದು ಬಾಗಿಲಲ್ಲಿ ನಿಂತ. ಮುಖ ಅರಳಿತ್ತು.

"ಸೇರಿಸಿ ಬಂದೆ ಕಣವ್ವ."

ಪಾಲವ್ವ ಎರಡೂ ಕೈ ಎತ್ತಿ ಮುಗಿದಳು. ಅಷ್ಟು ದಿನದ ಭಾರ ಎದೆಯಿಂದ ಇಳೀತು. "ನನ್ನಪ್ಪ, ಬೆಲ್ ಹೊಡೆಯೋದರೊಳಗೆ ಹೋದಳಾ? ಅತ್ತಳಾ?"

"ಇಲ್ಲ, ನಗ್ತಾ ಹೋದಳು. ಎರಡನೇ ಬೆಂಚಲ್ಲಿ ಕೂತಿದ್ದಾಳೆ."

"ಅಂಗಿ ದೊಡ್ಡದಾಯ್ತು ಅಂತ ಯಾರೂ ಏನೂ ಅನ್ನಲಿಲ್ಲವಾ?"

"ಅಂದ್ರು. ಗೇಟಲ್ಲಿ ಡ್ರಿಲ್ ಮೇಷ್ಟ್ರು ತಡೆದ್ರು. ಇದು ಮಗೀಗೆ ಆಗಲ್ಲ, ಇನ್ನೂ ಟೈಮಿದೆ, ಓಡಿಹೋಗಿ ಬದಲಾಯಿಸ್ಕೊಂಡು ಬಾ ಅಂದ್ರು. ನಾನು ಎದುರು ಮಾತಾಡಲಿಲ್ಲ. ಶೆಟ್ಟರ ಅಂಗಡಿಗೆ ಓಡಿದೆ."

"ಶೆಟ್ಟರು ಬದಲಾಯಿಸಿ ಕೊಟ್ಟರಾ? ಪುಣ್ಯಾತ್ಮ."

"ಎಲ್ಲಿ ಕೊಡ್ತಾರೆ? ಅಂಗಡಿ ತುಂಬ ಜನ. ಅವರಿಗೆ ರೇಗಿಹೋಗಿತ್ತು. ಗಮ್ ಹಚ್ಚಿ ನೀರಿಗೆ ಹಾಕಿದ ಬಟ್ಟೆ ನಾನು ಬದಲಾಯಿಸಲ್ಲ, ಬೇಕಾದ್ರೆ ಮಗೀನೇ ಬದಲಾಯಿಸ್ಕೊ ಹೋಗು ಅಂದ್ರು."

ಪಾಲವ್ವನ ಮುಗಿದ ಕೈ ಹಾಗೇ ನಿಂತಿತು. "ಆಮೇಲೆ?"

"ಆಮೇಲೇನು? ಶೆಟ್ಟರಿಗೂ ಎದುರು ಮಾತಾಡಲಿಲ್ಲ."

ಆಗ ಓಬಳನ ಬೆನ್ನ ಹಿಂದಿನಿಂದ ಸಿಂಚನ ಇಣುಕಿತು. ಮೈಮೇಲೆ ಒಳಲಂಗ ಒಂದೇ. ಅಜ್ಜಿ ಮುಖ ನೋಡಿ ನಕ್ಕಿತು, ಓಡಿ ಬಂದು ಮಂಚ ಹತ್ತಿ ಪಕ್ಕದಲ್ಲಿ ಕೂತಿತು.

"ಗೇಟಿನ ಹತ್ರ ಸೀಟಿಗೆ ಕಾಯ್ತಿದ್ದ ಮಕ್ಕಳಿಗೆಲ್ಲ ಅಂಗಿ ಹಾಕಿ ನೋಡ್ದೆ. ಒಂದಕ್ಕೆ ಸರಿಯಾಗಿ ಕೂತಿತು ಕಣವ್ವ, ಪಿನ್ನೂ ಬೇಡ, ಮಡಿಸೋದೂ ಬೇಡ. ಬೂಟೂ ಬುಕ್ಕೂ ಅದಕ್ಕೇ ಕೊಟ್ಟೆ. ಅದರ ಅಪ್ಪನಂತೂ ನನ್ನ ಕೈ ಹಿಡ್ಕೊಂಡು ಅತ್ತೇಬಿಟ್ಟ."

"ಹೆಸರು ಕೇಳಲಿಲ್ಲವೇನೋ ಒಳಗೆ?"

"ಕೇಳಿದ್ರು. ಸಿಂಚನ ಅಂದೆ. ಬರ್ಕೊಂಡ್ರು. ಆ ಮಗೂ ಹೂಂ ಅಂತು."

"ಸೀಟು ಹೋಯ್ತಲ್ಲೋ ಪಾಪಿ, ನನ್ನ ಮಗಳಿಗೆ ನಾನು ಏನಂತ ಹೇಳಲಿ" ಅಂತ ಪಾಲವ್ವ ಮೊಮ್ಮಗಳನ್ನ ತಬ್ಬಿಕೊಂಡು ಗೊಳೋ ಅಂತ ಅತ್ತಳು. ಎದ್ದು ಓಡೋಣ ಅಂದ್ರೆ ಕಾಲು ಕಟ್ಟಿನಲ್ಲಿತ್ತು.

ಅವ್ವ ಯಾಕೆ ಅಳ್ತಾಳೆ ಅಂತ ಓಬಳನಿಗೆ ತಿಳೀಲಿಲ್ಲ. ಆದರೂ ಅವ್ವ ಅತ್ತರೆ ಅವನಿಗೆ ತಡೆಯೋಕೆ ಆಗಲ್ಲ. ಹತ್ತಿರ ಬಂದು ಅವಳ ಬೆನ್ನು ಸವರಿದ.

"ಅಳಬೇಡ ಸುಮ್ನಿರವ್ವ. ಸಾಯಂಕಾಲ ಸ್ಕೂಲು ಬಿಡ್ತಾರಲ್ಲ, ಹೋಗಿ ಮನೆಗೆ ಕರ್ಕೊಂಡು ಬರ್ತೀನಿ. ನೀನೇ ನೋಡು, ಅಂಗಿ ಎಷ್ಟು ಸರಿಯಾಗಿ ಕೂತಿದೆ ಅಂತ."