ದೂಮ ಬಲೆ ಎಳೆದದ್ದು

ಹತ್ತಿರ ಬನ್ನಿ, ಇನ್ನೂ ಹತ್ತಿರ. ಕಡಲ ಸದ್ದಿನಲ್ಲಿ ನನ್ನ ಮಾತು ಕೇಳಬೇಕಲ್ಲ!

ಕಡಲ ದಂಡೆಯ ಒಂದು ಕೇರಿಯಲ್ಲಿ ಬಾಗಿ ಅಂತ ಒಬ್ಬಳು. ಅವಳ ಮಗ ದೂಮ. ಮೈಯಲ್ಲಿ ಕೋಣನ ಬಲ. ತಲೆಯಲ್ಲಿ? ಸಿಗಡಿಯ ತಲೆಯಲ್ಲಿ ಇರುವಷ್ಟು! "ನಾನು ಸತ್ತರೆ ಇವನಿಗೆ ಗಂಜಿ ಕೊಡುವವರು ಯಾರು?" ಅಂತ ಬಾಗಿ ಬಲೆಯ ಯಜಮಾನ ವಾಸು ತಂಡೇಲನ ಕಾಲು ಹಿಡಿದಳು.

"ಬರಲಿ ಮಾರಾಯ್ತಿ, ದಂಡೆಯಲ್ಲಿ ನಿಂತು ಬಲೆಯ ಹಗ್ಗ ಹಿಡೀಲಿ" ಅಂದ ತಂಡೇಲ.

ಬಾಗಿ ಮಗನಿಗೆ ಹೇಳಿ ಕಳಿಸಿದಳು: "ಇದ್ದ ಬಲವೆಲ್ಲ ಹಾಕಿ ಎಳಿ!"

ಎಳೆದ ನೋಡಿ! ಉಳಿದವರು ಹಗ್ಗ ಮುಟ್ಟುವ ಮೊದಲೇ ಎಳೆದ. ಅವರು ಉಸಿರು ಬಿಡುವಾಗಲೂ ಎಳೆದ. ಬಲೆ ಸೊಟ್ಟಗಾಯಿತು, ಬಂಗುಡೆ ಮೀನೆಲ್ಲ ಆಚೆ ತುದಿಯಿಂದ ಪಾರು!

"ಎಲಾ ಪೆದ್ದೇ!" ಅಂದ ತಂಡೇಲ. "ಬಲೆ ಒಬ್ಬನದಲ್ಲವೋ! ಪಕ್ಕದವನನ್ನು ನೋಡು, ಅವ ಮಾಡಿದ ಹಾಗೆ ಮಾಡು!"

"ಆಯ್ತು ತಂಡೇಲರೇ!"

ಮಾರನೇ ದಿನ ಪಕ್ಕದಲ್ಲಿ ಸೀನಣ್ಣ. ಅವನ ಬೆನ್ನಿಗೆ ನೊಣ ಕೂತಿತು. ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದರಲ್ಲಿ ಬೆನ್ನು ಕೆರೆದ. ದೂಮ ಎರಡೂ ಕೈ ಬಿಟ್ಟು ಕೆರೆದ! ಈಚೆಯವನು ದೂಮನನ್ನು ನೋಡಿ ಕೆರೆದ, ಅವನನ್ನು ನೋಡಿ ಮತ್ತೊಬ್ಬ. ದಂಡೆ ತುಂಬ ಬೆನ್ನು ಕೆರೆಯುವವರೇ! ಹಗ್ಗ ಸರ್ರನೆ ನೀರಿಗೆ.

"ಅಯ್ಯೋ ಮಗಾ, ಒಬ್ಬನನ್ನೇ ನಂಬ್ತಾರಾ?" ಬಾಗಿ ಗೋಳಾಡಿದಳು. "ಆಚೆಯವನನ್ನೂ ನೋಡು, ಈಚೆಯವನನ್ನೂ ನೋಡು. ಇಬ್ಬರ ನಡುವೆ ಇರು!"

"ಆಯ್ತು ಅಬ್ಬೆ!"

ಅಂದು ಸಂಜೆ ದೂಮನೂ ಇನ್ನಿಬ್ಬರೂ ಒಣಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೊರಟರು. ದಾರಿಯಲ್ಲಿ ಬಾವಿ. ಒಬ್ಬ ಬಾವಿಯ ಎಡಕ್ಕೆ ಹೋದ, ಒಬ್ಬ ಬಲಕ್ಕೆ ಹೋದ. ದೂಮ ಇಬ್ಬರನ್ನೂ ನೋಡಿದ, ಸರಿಯಾಗಿ ನಡುವೆ ಹೋದ. ದುಡುಂ!

ಕೇರಿಯೆಲ್ಲ ಸೇರಿ ಮೇಲೆ ಎಳೆಯಿತು. ತಂಡೇಲನಿಗೆ ಅಳಬೇಕೋ ನಗಬೇಕೋ! "ಇನ್ನು ಯಾರನ್ನೂ ನೋಡಬೇಡ ಮಾರಾಯ! ಕಿವಿ ತೆರೆದಿಡು. 'ಐಲೇಸಾ' ಅಂದರೆ ಎಳಿ, ಅನ್ನದಿದ್ದರೆ ಸುಮ್ಮನಿರು!"

"ಆಯ್ತು ತಂಡೇಲರೇ!"

ಮಾರನೇ ದಿನ ಏನು ಚೆಂದ! "ಐಲೇಸಾ!" ಎಲ್ಲರೂ ಎಳೆದರು, ದೂಮನೂ ಎಳೆದ. ಹಗ್ಗ ಹಿಡಿದ ಕೈಯೆಲ್ಲ ಒಂದೇ ಕೈ. ದಂಡೆಯಲ್ಲಿ ಬೆಳ್ಳಿಯ ರಾಶಿ, ಬಂಗುಡೆ! ಬಾಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಮಗ ಮನುಷ್ಯನಾದ!" ಅನ್ನುತ್ತ ಒಲೆ ಹಚ್ಚಲು ಓಡಿದಳು.

ಮತ್ತೊಂದು ಸಲ ಬಲೆ ಬಿಡಬೇಕು. ದೋಣಿಯನ್ನು ನೀರಿಗೆ ನೂಕಬೇಕು. ಎಲ್ಲರೂ ಕೇರಿಯ ಕಡೆಗಿದ್ದ ಬದಿಗೆ ಹೆಗಲು ಕೊಟ್ಟರು. ದೂಮ ಅದೇ ಬದಿಯ ಹಗ್ಗ ಹಿಡಿದು ಕೇರಿಯ ಕಡೆ ಮುಖ ಮಾಡಿ ನಿಂತ.

"ಐಲೇಸಾ!" ಅವರು ನೂಕಿದರು, ಇವನು ಎಳೆದ. ದೋಣಿ ಅಲುಗಲಿಲ್ಲ.

"ಜೋರಾಗಿ! ಐಲೇಸಾ!" ಇವನೂ ಜೋರಾಗಿ ಎಳೆದ. ದೋಣಿ ಕಡಲಿಗೆ ಬೆನ್ನು ತೋರಿಸಿ ಮರಳು ಹತ್ತಿತು. ನೂಕುವವರು ಹಿಂದೆ ಹಿಂದೆ ಜಾರಿ ದಿಕ್ಕಾಪಾಲಾದರು. "ಐಲೇಸಾ" ಕೂಗುವುದನ್ನು ಮಾತ್ರ ಬಿಡಲಿಲ್ಲ! ಮರಳು ದಾಟಿತು, ಮೀನು ಒಣಹಾಕುವ ಚಾಪೆ ದಾಟಿತು, ಬಾಗಿಯ ಅಂಗಳಕ್ಕೆ ಬಂತು.

"ನಿಲ್ಲಿಸೋ ಮಗಾ!"

"ಯಾರೂ ಅನ್ನದಿದ್ದರೆ ನಿಲ್ತೇನೆ ಅಬ್ಬೆ!"

ಎಲ್ಲರೂ ಬಾಯಿ ಮುಚ್ಚಿಕೊಂಡರು. ದೋಣಿ ಹೊಸ್ತಿಲ ಹತ್ತಿರ ನಿಂತಿತು. ಬಾಗಿಗೆ ಹೋದ ಜೀವ ಬಂತು. ಆಮೇಲೆ ಸಿಟ್ಟೂ ಬಂತು.

"ಥೂ ಮಂಕೇ! ಯಾರೋ 'ಐಲೇಸಾ' ಅಂದರೆ..."

ಮುಗಿಯಿತು! ಬಾಗಿಲು ಹೋಯಿತು, ಗೋಡೆ ಹೋಯಿತು, ದೋಣಿ ಅಡುಗೆಮನೆಗೆ ಹೋಯಿತು. ಅಂದು ಕೇರಿಯವರೆಲ್ಲ ದೋಣಿಯೊಳಗೆ ಕೂತು ಬಂಗುಡೆ ಸಾರು ಉಂಡರು. ಬಡಿಸುವಾಗ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ!